ಪೆಟ್ಟಿಗೆ ತೆರೆಯದೆ ಜೇನು ಬೆಳೆದದ್ದು: ನನ್ನ ಅನುಭವ

ಸಂಕ್ರಾಂತಿಯಿಂದ ನಮ್ಮ ತುಳುನಾಡಿನ ಭೂಮಿತಾಯಿಯ ಹಬ್ಬ ಕೆಡ್ಡಸ ಕಳೆಯುವ ತನಕ ಜೇನುಪೆಟ್ಟಿಗೆ ತೆರೆಯುವುದಿಲ್ಲ ಅಂತ ನಾನು ಹೇಳಿದಾಗ ನಮ್ಮ ಕಡೆ ಒಪ್ಪಿದವರು ಒಬ್ಬರೂ ಇಲ್ಲ. "ಎಂತ ಮಾರಾಯ್ರೇ, ವಾರಕ್ಕೊಮ್ಮೆ ನೋಡದಿದ್ರೆ ಜೇನು ಕುಟುಂಬ ಒಡೆದು ಪಾಲಾಗಿ ಹಾರಿ ಹೋಗ್ತದೆ. ಮತ್ತೆ ಕೆಡ್ಡಸ ಹಿಡಿದು ಕೊಡ್ತದಾ?" ಅಂತ ಮುಳ್ಳೇರಿಯದ ಗೆಳೆಯರೊಬ್ಬರು ಕೇಳಿದ್ದರು. ಮೂರ್ನಾಲ್ಕು ಸೀಸನ್ನಿನಿಂದ ನನ್ನ 40 ಚಿಲ್ಲರೆ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆಗಳು ಕೊಡುವ ಜೇನನ್ನು ಅವರು ಈಗ ಕಣ್ಣಾರೆ ನೋಡಿದ್ದಾರೆ.

ನನ್ನದು ಕಾಸರಗೋಡಿನ ಅಡೂರು ಕಡೆ. ಗುಡ್ಡೆಯಲ್ಲಿ ಗೇರು, ಕೆಳಗೆ ಅಡಿಕೆ, ಬೇಲಿಯಾಚೆ ರಬ್ಬರ್. ಜೇನಿನ ಆದಾಯ ಬಹುಪಾಲು ಬೇಲಿಯಾಚೆಯದ್ದೇ, ರಬ್ಬರಿನ ಎಳೆ ಎಲೆಯಲ್ಲಿ ಒಸರುವ ಸಿಹಿ ರಸದಿಂದ. ಮೊದಲು ನಾನೂ ಎಲ್ಲರ ಹಾಗೆ ರಬ್ಬರ್ ಎಲೆ ಉದುರಿದ ಕೂಡಲೇ ಜೇನುನೊಣಕ್ಕೆ ಸಕ್ಕರೆ ಪಾಕ ಕೊಡಲು ಸುರು ಮಾಡುತ್ತಿದ್ದೆ. ವಾರಕ್ಕೊಮ್ಮೆ ಎರಿ (ಮೇಣದ ಹಲ್ಲೆ) ಎತ್ತಿ ನೋಡುವುದು, ಸಂಕ್ರಾಂತಿ ಕಳೆದದ್ದೇ ಜೇನು ಕೋಣೆ (ಜೇನು ತುಂಬಲು ಪೆಟ್ಟಿಗೆಯ ಮೇಲಿಡುವ ಅಂತಸ್ತು) ಇಡುವುದು. ಆ ಒಂದು ತಿಂಗಳ ಸಕ್ಕರೆಗೇ 5,000 ಹತ್ತಿರ ಹೋಗುತ್ತಿತ್ತು. ಖಾಲಿ ಕೋಣೆ ಕಾಯಲು ನೊಣ ಸಾಲದೆ ಮೇಣದ ಹುಳ ನುಗ್ಗುತ್ತಿತ್ತು. ಪಾಕದ ವಾಸನೆಗೆ ಇರುವೆ ಬರುತ್ತಿತ್ತು, ಬಲವಾದ ಸಂಸಾರಗಳು, ಅಂದರೆ ಜೇನು ಕುಟುಂಬಗಳು, ಬಡವನ್ನು ದೋಚುತ್ತಿದ್ದವು. ತುಡುವೆ ಕಿರಿಕಿರಿ ತಡೆಯುವ ಜಾತಿಯಲ್ಲ. ಒಂದು ವರ್ಷವಂತೂ ಹತ್ತಕ್ಕೂ ಹೆಚ್ಚು ಸಂಸಾರಗಳು ಮರಿ ಇದ್ದ ಎರಿಯನ್ನೇ ಬಿಟ್ಟು ಹೋದವು. ಪೆಟ್ಟಿಗೆ ಬಿಟ್ಟು ಸಂಸಾರಕ್ಕೇ 1,500 ಅಂತ ಹಿಡಿದರೆ ನಷ್ಟ ಎಷ್ಟೆಂದು ನೀವೇ ನೋಡಿ.

ಆಗ ಅಮ್ಮ ಒಂದು ಮಾತು ಹೇಳಿದರು. "ಮಗಾ, ಕೆಡ್ಡಸಕ್ಕೆ ಭೂಮಿಗೆ ಹಾರೆ ಹಾಕ್ಲಿಕ್ಕಿಲ್ಲ, ಹಸಿ ಗಿಡ ಕಡೀಲಿಕ್ಕಿಲ್ಲ. ನಿನ್ನ ನೊಣ ಮಾತ್ರ ಎಂತ ಪಾಪ ಮಾಡಿದ್ದು?" ಕೆಡ್ಡಸ ಬರುವುದು ಫೆಬ್ರವರಿ ಎರಡನೇ ವಾರದ ಹೊತ್ತಿಗೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ನಾನು ಆ ಮೂರು ದಿನವನ್ನು ಹಿಂದಕ್ಕೆ ಎಳೆದು ಸಂಕ್ರಾಂತಿಗೆ ಕಟ್ಟಿದೆ, ಅಷ್ಟೇ. ಒಂದು ಸಂಸಾರವನ್ನು ಎರಡಾಗಿ ಪಾಲು ಮಾಡುವ ಕೆಲಸವನ್ನೆಲ್ಲ ಡಿಸೆಂಬರಿನಲ್ಲೇ ಮುಗಿಸಿಬಿಡುತ್ತೇನೆ. ಮಳೆಗಾಲದ ಸಕ್ಕರೆ ತಪ್ಪಿಸಲಾಗದು, ಅದು ಬೇರೆ.

ತೆರೆಯದಿದ್ದರೆ ಒಳಗಿನದು ಗೊತ್ತಾಗುವುದು ಹೇಗೆ ಅಂತ ಕೇಳುತ್ತಾರೆ. ಹೊರಗಡೆ ಬೇಕಾದಷ್ಟು ಕಾಣುತ್ತದೆ. ಪೆಟ್ಟಿಗೆ ಬಾಗಿಲಿನ ಕೆಳಗೆ ಗಂಡುನೊಣದ ಕಣದ ಮುಚ್ಚಳ ಬಿದ್ದಿರುತ್ತದೆ, ಕಂದು ಬಣ್ಣದ ಪುಟ್ಟ ಟೊಪ್ಪಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಅದು ಸಿಕ್ಕಿದರೆ ಒಳಗೆ ಬಲ ಬಂದಿದೆ ಅಂತಲೇ. ಹಿಂದಿನಿಂದ ಪೆಟ್ಟಿಗೆಯನ್ನು ಒಂದು ಬೆರಳೆತ್ತರ ಎತ್ತಿದರೆ ಭಾರ ಗೊತ್ತಾಗುತ್ತದೆ. ಆದರೆ ನಾನು ಹೆಚ್ಚು ನಂಬುವುದು ಎಲೆಯನ್ನು. ರಬ್ಬರ್ ಚಿಗುರು ಮೊದಲು ತಾಮ್ರದ ಬಣ್ಣ, ಆಗ ಅದರಲ್ಲಿ ನಮಗೆ ಏನೂ ಇಲ್ಲ. ಆಮೇಲೆ ತಿಳಿಹಸಿರಾಗಿ ಜೋತುಬೀಳುತ್ತದೆ. ಹಸಿರು ಸ್ವಲ್ಪ ಗಟ್ಟಿಯಾಗುವಾಗ ಮೂರೆಲೆ ಸೇರುವ ಗಂಟನ್ನು ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಬೇಕು. ಅಲ್ಲಿ ಒಂದು ಹನಿ ಮಿನುಗುತ್ತದೆ. ನಾಲಿಗೆಗೆ ಮುಟ್ಟಿಸಿ, ಸಿಹಿ ಇದ್ದರೆ ಅಂದೇ ರಾತ್ರಿ ಪೆಟ್ಟಿಗೆಗೆ ಕಿವಿ ಇಡಿ. ರಸ ಆರಿಸಲು ರೆಕ್ಕೆ ಬೀಸುವ ಸದ್ದು ಒಂದೇ ಸಮನೆ ಬರುತ್ತಿದ್ದರೆ ಮರುದಿನ ಜೇನು ಕೋಣೆ ಇಡಬಹುದು. ಹೆಚ್ಚಿನ ವರ್ಷ ಕೆಡ್ಡಸ ಕಳೆದ ಹೊತ್ತಿಗೇ ಅದಾಗುತ್ತದೆ. ಹಿರಿಯರು ರಬ್ಬರ್ ಕಂಡವರಲ್ಲ, ಆದರೂ ನೆಲದೊಳಗಿನ ಹೊರಳಿಕೆ ಅವರಿಗೆ ಗೊತ್ತಿತ್ತು ಅಂತ ನಾನು ನಂಬುತ್ತೇನೆ. ಗುಡ್ಡೆಯಲ್ಲಿ ಬೂರುಗ, ಬೇಲಿಯಲ್ಲಿ ಹಾಲುವಾಣ ಕೆಂಪಾಗುವುದೂ ಆಗಲೇ.

ರಬ್ಬರ್ ತೋಟದ ಯಜಮಾನರು ಕೇರಳದ ತೆಂಕಣದಿಂದ ಬಂದ ಕ್ರೈಸ್ತರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅವರಿಗೆ ಈಸ್ಟರಿನ ಮುಂಚಿನ 50 ದಿನದ ನೋಂಬು (ಉಪವಾಸದ ವ್ರತ) ಸುರುವಾಗುತ್ತದೆ, ಕೆಲವು ವರ್ಷ ಹಿಂದೆ ಮುಂದೆ. ಮೀನು ಮಾಂಸ ಮುಟ್ಟುವುದಿಲ್ಲ. ಒಂದು ಸಂಜೆ ಅವರ ಚಾವಡಿಯಲ್ಲಿ ಕೂತು ನಾನು ಅಮ್ಮ ಕೊಟ್ಟ ಕೆಡ್ಡಸದ ಹುರಿಯಕ್ಕಿ ಪುಡಿ ಕೊಟ್ಟೆ, ಅವರು ಕರಿಚಹ ಕೊಟ್ಟರು. ಸಿಗುವ ಮೊದಲು ಕೈ ಹಿಂದಕ್ಕಿಡುವುದು ಅವರ ನೋಂಬಿನಲ್ಲೂ ಇದೆ, ನಮ್ಮ ಕೆಡ್ಡಸದಲ್ಲೂ ಇದೆ. ದೇವರನ್ನು ನಂಬುತ್ತೇನೆ ಅನ್ನುವವನಾಗಿ ವಾರಕ್ಕೊಮ್ಮೆ ಮುಚ್ಚಳ ಎತ್ತಿ ಪರೀಕ್ಷೆ ಮಾಡುವುದು ನನಗೆ ಅಂದಿನಿಂದ ಸರಿ ಕಾಣುವುದಿಲ್ಲ. 1991-92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಬಹುಪಾಲು ನಾಶವಾದಾಗ ಅಪ್ಪನ ಪೆಟ್ಟಿಗೆಗಳೂ ಖಾಲಿಯಾದವು. ಅವರು ಒಂದನ್ನೂ ಸೌದೆಗೆ ಹಾಕಲಿಲ್ಲ, ಅಟ್ಟದಲ್ಲಿಟ್ಟರು. ಹುತ್ತದಲ್ಲಿ, ಪೊಟರೆಯಲ್ಲಿ ಉಳಿದ ಸಂಸಾರಗಳನ್ನು ತಂದು ಮತ್ತೆ ತುಂಬಿಸಿದ್ದು ಅದೇ ಪೆಟ್ಟಿಗೆಗಳಿಗೆ. ಎರಡು ಈಗಲೂ ಬಳಕೆಯಲ್ಲಿವೆ.

ಮೊದಲು ಪೆಟ್ಟಿಗೆಗೆ 4–5 ಕಿಲೋ ಬಂದರೆ ಹೆಚ್ಚು. ಈಗ ಸರಾಸರಿ 9, ಒಳ್ಳೆಯದರಲ್ಲಿ 12–13. ಮನೆಬಾಗಿಲಲ್ಲಿ ಕಿಲೋಗೆ 400. ನಮ್ಮ ಆಸುಪಾಸಿನಲ್ಲಿ ಇಷ್ಟು ತೆಗೆದವರು ಬೇರೆ ಇಲ್ಲ, ಇದ್ದರೆ ಹೇಳಿ, ನೋಡಲು ಬರುತ್ತೇನೆ. ಪರಾರಿಯಾಗುವುದು ವರ್ಷಕ್ಕೆ ಒಂದೋ ಎರಡೋ. ಆದರೆ ಮಂಜು ಹೆಚ್ಚಾದ ವರ್ಷ ಚಿಗುರಿಗೆ ಬೂದಿರೋಗ ಬಂದು ಎಲೆ ಮತ್ತೆ ಉದುರಿತು. ಆ ಸಲ ಅರ್ಧಕ್ಕರ್ಧ ನಷ್ಟ, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ನೊಣವನ್ನು ಮೇಲಿನ ಕೋಣೆಗೆ ಬೇಗ ಹತ್ತಿಸಲು ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಮುಜಂಟಿಗೂ (ಚುಚ್ಚದ ಪುಟ್ಟ ಜೇನು) ಇದೇ ನೇಮ ಮಾಡಿ ನೋಡಿದೆ, ಬಿದಿರಿನ ಅಂಡೆಯಲ್ಲಿ. ವ್ಯತ್ಯಾಸ ಕಾಣಲಿಲ್ಲ. ಅದನ್ನು ಹೇಗೂ ವರ್ಷಕ್ಕೊಮ್ಮೆಯೇ ತೆರೆಯುವುದಲ್ಲವಾ. ಕೆಲವು ಪೆಟ್ಟಿಗೆಗಳನ್ನು ಕುಂಬಳೆ ಕರಾವಳಿಯ ತೆಂಗಿನ ತೋಟಕ್ಕೂ ಒಯ್ದಿದ್ದೆ. ಪರಾಗ ಧಾರಾಳ, ಜೇನು ಇಲ್ಲ, ಜೀಪಿನ ಬಾಡಿಗೆ ದಂಡ.

ಜನವರಿ ಕೊನೆಗೆ ಈಗ ಫೋನು ಸುರುವಾಗುತ್ತದೆ, "ನಿಮ್ಮಲ್ಲಿ ಇಟ್ಟಾಯ್ತಾ" ಅಂತ. ನನ್ನ ತಾರೀಕು ಯಾರಿಗೂ ಹೇಳುವುದಿಲ್ಲ. ಅಡೂರಿನ ಎಲೆಗೂ ಪೆರ್ಲದ ಎಲೆಗೂ ವಾರದ ಅಂತರ ಇರುತ್ತದೆ. ಬೆಳಿಗ್ಗೆ ಏಳೂವರೆಗೆ ನಿಮ್ಮ ತೋಟದ್ದೇ ಒಂದು ಗೆಲ್ಲು ಬಗ್ಗಿಸಿ ನೋಡಿ.