ಫೆಂಟಾನಿಲ್ ಕೊಟ್ಟೊಡನೆ ಬರುವ ಕೆಮ್ಮನ್ನು ತಡೆಯುವುದು ಹೇಗೆ?

ಕೆಮ್ಮಿನ ಸಿರಪ್‌ಗೆ ಹಾಕುವ ಕೊಡೀನ್‌ನ ಬಳಗಕ್ಕೇ ಸೇರಿದ ಫೆಂಟಾನಿಲ್ (ಅರಿವಳಿಕೆಯಲ್ಲಿ ಕೊಡುವ ಪ್ರಬಲ ನೋವುನಿವಾರಕ), ರಕ್ತನಾಳಕ್ಕೆ ಸರ್ರನೆ ಹೋದರೆ ಅರ್ಧ ನಿಮಿಷದೊಳಗೆ ರೋಗಿಯನ್ನು ಕೆಮ್ಮಿಸುತ್ತದೆ. ಮೆದುಳಿನ ಕೆಮ್ಮಿನ ಕೇಂದ್ರವನ್ನು ಅದು ಸುಮ್ಮನಾಗಿಸುವ ಮುಂಚೆಯೇ ಶ್ವಾಸಕೋಶದ ಸಿ-ನರತಂತುಗಳು (ಕೆರಳಿಕೆಯ ಸುದ್ದಿ ಒಯ್ಯುವ ಸಪೂರ ನರಗಳು) ಕೆರಳುತ್ತವೆ ಎಂಬುದು ಒಂದು ವಿವರಣೆ. ಬಹುತೇಕರಲ್ಲಿ ನಾಲ್ಕಾರು ಕೆಮ್ಮಿಗೆ ಮುಗಿಯುತ್ತದೆ. ಆದರೆ ಕಣ್ಣುಗುಡ್ಡೆ ಒಡೆದವರಿಗೆ, ಮೆದುಳಿನಲ್ಲಿ ಅನ್ಯೂರಿಸಂ (ರಕ್ತನಾಳದ ಉಬ್ಬು) ಇರುವವರಿಗೆ, ಹೊಟ್ಟೆ ತುಂಬಿರುವವರಿಗೆ ಆ ನಾಲ್ಕೇ ಸಾಕು ಅಪಾಯ ತರಲು.

ಮೊದಲ ಮದ್ದು ನಿಧಾನ, ಅದಕ್ಕೆ ಖರ್ಚಿಲ್ಲ. 2 ಮಿ.ಲೀ. ಆಂಪೂಲ್‌ನಲ್ಲಿ 100 ಮೈಕ್ರೋಗ್ರಾಂ ಇರುತ್ತದೆ. 20 ಮಿ.ಲೀ. ಸಿರಿಂಜ್‌ಗೆ ಎರಡು ಆಂಪೂಲ್ ಎಳೆದು 16 ಮಿ.ಲೀ. ಸಲೈನ್ ಸೇರಿಸಿ, ಲೇಬಲ್ ಹಚ್ಚಿ: ಮಿ.ಲೀ.ಗೆ 10 ಮೈಕ್ರೋಗ್ರಾಂ. 60 ಕೆ.ಜಿ. ರೋಗಿಗೆ ಕೆ.ಜಿ.ಗೆ 2 ಮೈಕ್ರೋಗ್ರಾಂನಂತೆ 12 ಮಿ.ಲೀ. ಅದನ್ನು ಒಂದು ನಿಮಿಷ ಹಿಡಿದು ಕೊಡಿ. ಗೋಡೆ ಗಡಿಯಾರ ನೋಡಿಕೊಂಡೇ ತಳ್ಳಿ. ಮನಸ್ಸಿನಲ್ಲಿ ಎಣಿಸಿದರೆ ನಿಮಿಷ ಇಪ್ಪತ್ತೇ ಸೆಕೆಂಡಿಗೆ ಮುಗಿದುಬಿಡುತ್ತದೆ.

ಇಷ್ಟು ಮಾಡಿಯೂ ಕೆಮ್ಮು ಬಂದರೆ ಎಕ್ಸ್‌ಟೆನ್ಷನ್ ಲೈನ್ (ರಕ್ತನಾಳದ ಸೂಜಿಗೆ ಜೋಡಿಸುವ ಹೆಚ್ಚುವರಿ ಕೊಳವೆ) ಕಡೆ ನೋಡಿ. ಡ್ರಿಪ್ ನಿಲ್ಲಿಸಿ ತ್ರೀ-ವೇ ಎಂಬ ಮೂರು ದಾರಿಯ ನಲ್ಲಿಯಿಂದ ತಳ್ಳಿದ ಔಷಧದ ಕೊನೆಯ ಭಾಗ ಆ ಕೊಳವೆಯಲ್ಲೇ ನಿಂತಿರುತ್ತದೆ. ಆಮೇಲೆ ಡ್ರಿಪ್ ಪೂರ್ತಿ ಬಿಟ್ಟರೆ ಅದಷ್ಟೂ ಒಂದೇ ಏಟಿಗೆ ಒಳನುಗ್ಗುತ್ತದೆ. ತೆಳು ಮಾಡದ ಫೆಂಟಾನಿಲ್ ಆದರಂತೂ ನಿಧಾನ ಮಾಡಿದ್ದೆಲ್ಲ ದಂಡ. ಡ್ರಿಪ್ ಮೊದಲಿನಿಂದಲೂ ಹದವಾಗಿ ಹರಿಯುತ್ತಿರಲಿ.

ಕೆಮ್ಮಲೇಬಾರದ ರೋಗಿಗೆ ಇನ್ನೊಂದು ಕಾವಲು: ಫೆಂಟಾನಿಲ್‌ಗೆ ಒಂದು ನಿಮಿಷ ಮುಂಚೆ ರಕ್ತನಾಳಕ್ಕೆ ಲಿಗ್ನೋಕೇನ್ (ಮರಗಟ್ಟಿಸುವ ಔಷಧ), ಕೆ.ಜಿ.ಗೆ 1 ಮಿ.ಗ್ರಾಂ. 60 ಕೆ.ಜಿ.ಗೆ 2% ಔಷಧದ 3 ಮಿ.ಲೀ. ಅಡ್ರಿನಲಿನ್ ಬೆರೆತ ವಯಲ್ ಪಕ್ಕದಲ್ಲೇ ಇರುತ್ತದೆ, ಲೇಬಲ್ ಎರಡು ಸಲ ಓದಿ. ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಇದ್ದರೆ ಬೇಡ. ಮುಂದೆ ನರ್ವ್ ಬ್ಲಾಕ್ (ಇದೇ ಬಗೆಯ ಔಷಧದಿಂದ ನರವನ್ನು ಮರಗಟ್ಟಿಸುವುದು) ಕೊಡುವುದಿದ್ದರೆ ಈ 60 ಮಿ.ಗ್ರಾಂ ಅನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಿಗ್ನೋಕೇನ್ ಆಗದವರಿಗೆ ತೆಳು ಮಾಡಿದ ಫೆಂಟಾನಿಲ್‌ನ ಸಿರಿಂಜ್‌ನಿಂದಲೇ ಮೊದಲು 2.5 ಮಿ.ಲೀ. ಕೊಟ್ಟು, ಒಂದು ನಿಮಿಷ ಕಾದು, ಉಳಿದದ್ದನ್ನು ಕೊಡಬಹುದು. ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೆ.ಜಿ.ಗೆ 0.15 ಮಿ.ಗ್ರಾಂ ಕೂಡ ನೆರವಾಗುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮಂಪರಿನ ಮದ್ದಿಗೆ ಹತ್ತು ನಿಮಿಷದ ಇನ್ಫ್ಯೂಷನ್ ಬೇಕು. ಬರೀ ಕೆಮ್ಮಿಗಾಗಿ ಅದನ್ನು ಹಚ್ಚುವುದು ಅತಿಯಾಯಿತು.

ಕೆಮ್ಮು ಶುರುವಾದರೆ ತಳ್ಳುವುದನ್ನು ನಿಲ್ಲಿಸಿ, ಆಕ್ಸಿಜನ್ ಮುಂದುವರಿಸಿ, ಸಕ್ಷನ್ ಕೈಗೆಟುಕುವಂತಿರಲಿ. ಬಿಡದಿದ್ದರೆ ಪ್ರೊಪೊಫಾಲ್ (ನಿದ್ದೆ ತರಿಸುವ ಮದ್ದು) ಕೊಟ್ಟು ಇಂಡಕ್ಷನ್ (ಅರಿವಳಿಕೆಯ ಆರಂಭದ ಹಂತ) ಪೂರೈಸಿ. ಉಸಿರು ಕೊಡುವ ಬ್ಯಾಗ್ ಒತ್ತಿದರೂ ಎದೆ ಏಳುತ್ತಿಲ್ಲವೆಂದರೆ ಎದೆಯ ಸ್ನಾಯುಗಳು, ಇಲ್ಲವೇ ಧ್ವನಿತಂತುಗಳು ಬಿಗಿದಿರಬಹುದು. ರೋಗಿಗೆ ನಿದ್ದೆ ಹತ್ತಿದೆ ಎಂದು ಖಾತ್ರಿಯಾದ ಕೂಡಲೇ ಮಸಲ್ ರಿಲ್ಯಾಕ್ಸೆಂಟ್ (ಸ್ನಾಯು ಸಡಿಲಿಸುವ ಮದ್ದು) ಕೊಡಿ.