ಅನ್‌ಸಪೋರ್ಟೆಡ್ ಗೇಮು, ಯಶವಂತಪುರದ ರೈಲು

ಬೆಳಿಗ್ಗೆ ತುಮಕೂರಿನಿಂದ ಯಶವಂತಪುರ, ಸಂಜೆ ಯಶವಂತಪುರದಿಂದ ತುಮಕೂರು. ಪಾಸ್ ಮಾಡಿಸಿಕೊಂಡು ದಿನಾ ಓಡಾಡುವವರಲ್ಲಿ ನಾನೂ ಒಬ್ಬ. ಎಲ್ಲ ಕಡೆ ನಿಲ್ಲುವ ಗಾಡಿಯಾದರೆ ಒಂದೂವರೆ ಗಂಟೆ ಹಿಡಿದುಕೊಳ್ಳಿ. ಚಿಕ್ಕಬಾಣಾವರದ ಹತ್ತಿರ ಸಿಗ್ನಲ್‌ಗೆ ಕಾದರೆ ಇನ್ನೂ ಜಾಸ್ತಿ. ಕೆಲವರು ಇಸ್ಪೀಟು ಹಾಕುತ್ತಾರೆ, ಕೆಲವರು ಕ್ಯಾತ್ಸಂದ್ರ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಾರೆ. ನಾನು ಸ್ಟೀಮ್ ಡೆಕ್ ತೆಗೆಯುತ್ತೇನೆ, ಕೈಯಲ್ಲಿ ಹಿಡಿದು ಗೇಮ್ ಆಡುವ ಯಂತ್ರ.

ಇದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ. ಅಮೆರಿಕದಿಂದ ಬರುವಾಗ ಭಾವ ತಂದುಕೊಟ್ಟರು. 64 ಜಿಬಿಯ ಹಳೇ ಎಲ್‌ಸಿಡಿ ಮಾಡೆಲ್. ನೋಡಲು ಎರಡೂ ಕಡೆ ಹಿಡಿ ಇರುವ ದಪ್ಪ ಟ್ಯಾಬ್, ಒಳಗೆ ಪೂರ್ತಿ ಕಂಪ್ಯೂಟರ್. ಆದರೆ ವಿಂಡೋಸ್ ಇಲ್ಲ, ಲಿನಕ್ಸ್. ವಿಂಡೋಸ್‌ಗೆ ಅಂತ ಮಾಡಿದ ಗೇಮಿಗೂ ಲಿನಕ್ಸಿಗೂ ನಡುವೆ ಪ್ರೋಟಾನ್ ಅನ್ನೋ ದುಭಾಷಿ ನಿಂತಿರುತ್ತೆ. ಗೇಮು ಕೇಳಿದ್ದನ್ನು ಆ ಕಡೆಗೆ ಅರ್ಥವಾಗುವ ಹಾಗೆ ಹೇಳೋದೇ ಅದರ ಕೆಲಸ.

ದೀಪಾವಳಿ ಹೊತ್ತಿಗೆ ಒಂದು ದೊಡ್ಡ ಗೇಮು ಅಗ್ಗಕ್ಕೆ ಸಿಕ್ಕಿತು. ಕುದುರೆ, ಕಾಡು, ಮಳೆ, ಸಂತೆ ಎಲ್ಲ ಇರುವಂಥದ್ದು. ಹೆಸರು ಬೇಡ ಬಿಡಿ. ದುಡ್ಡು ಕೊಟ್ಟ ಮೇಲೆ ಪಕ್ಕದಲ್ಲಿದ್ದ ಗುರುತು ನೋಡಿದೆ: ಅನ್‌ಸಪೋರ್ಟೆಡ್. ಅಂದರೆ ಡೆಕ್‌ನಲ್ಲಿ ಸರಿಯಾಗಿ ಓಡಲ್ಲ ಅಂತ.

ಆ ಪದ ನೋಡಿ ಹೆದರುವ ಮುಂಚೆ ಕಾರಣ ಓದಬೇಕು. ಗೇಮಿನ ಪುಟದಲ್ಲೇ ಅದರ ವಿವರ ಇರುತ್ತೆ. ಆನ್‌ಲೈನ್ ಆಟದ ಮೋಸ ತಡೆಯುವ ಸಾಫ್ಟ್‌ವೇರ್ ವಿಂಡೋಸಿನ ಕರ್ನಲ್‌ನಲ್ಲೇ (ಅದರ ತಿರುಳಿನಲ್ಲೇ) ಕೂರುವಂಥದ್ದಾದರೆ, ಅಲ್ಲಿಗೇ ಬಿಟ್ಟುಬಿಡಿ. ಅದನ್ನು ಮಾಡಿದವರು ಮನಸ್ಸು ಮಾಡದೆ ನಾವು ತಲೆ ಚಚ್ಚಿಕೊಂಡರೂ ಆಗಲ್ಲ. ನನ್ನದು ಒಬ್ಬರೇ ಆಡುವ ಗೇಮು. ವಿಡಿಯೋ ಸರಿಯಾಗಿ ಬರಲ್ಲ, ಲಾಂಚರ್ (ಗೇಮಿಗಿಂತ ಮುಂಚೆ ತೆರೆದುಕೊಳ್ಳುವ ಇನ್ನೊಂದು ಪ್ರೋಗ್ರಾಂ) ತೊಂದರೆ ಕೊಡುತ್ತೆ, ಅಕ್ಷರ ಸಣ್ಣ, ಇಷ್ಟೇ ದೂರು. ಇದರ ಜೊತೆ ಗುದ್ದಾಡಬಹುದು ಅನ್ನಿಸಿತು.

ಗೇಮು 60 ಜಿಬಿಗೂ ಜಾಸ್ತಿ. ಮೈಕ್ರೋ ಎಸ್‌ಡಿ ಕಾರ್ಡಿಗೆ ಹಾಕಿದೆ. ಡೌನ್‌ಲೋಡ್ ನಡುವೆ ಎರಡು ಸಲ ಕರೆಂಟ್ ಹೋಯಿತು. ಡೆಕ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಎಲ್ಲಿಂದ ಬರಬೇಕು? ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಗೇಮು ಕಾರ್ಡಿನಲ್ಲಿದ್ದರೂ ಪ್ರೋಟಾನ್ ಅದಕ್ಕಾಗಿ ಕಟ್ಟುವ ನಕಲಿ ಸಿ ಡ್ರೈವ್, ಗ್ರಾಫಿಕ್ಸ್‌ಗೆ ಅಂತ ಮೊದಲೇ ತಯಾರಿಸಿಡುವ ಶೇಡರ್ ಕ್ಯಾಶೆ ಎರಡೂ ಒಳಗಿನ ಡಿಸ್ಕಿನಲ್ಲೇ ಕೂರುತ್ತವೆ. 64 ಜಿಬಿ ಇರೋರು ಮೊದಲು ಒಳಗೆ ಒಂದಷ್ಟು ಜಾಗ ಖಾಲಿ ಮಾಡಿಕೊಳ್ಳಿ.

ಮೊದಲ ಸಲ ತೆರೆದಾಗ ಕಥೆಯ ವಿಡಿಯೋ ಬರಬೇಕಾದ ಜಾಗದಲ್ಲಿ ಹಳೇ ಟಿವಿಯಲ್ಲಿ ಪ್ರಸಾರ ಶುರುವಾಗುವ ಮುಂಚೆ ಬರುತ್ತಿದ್ದ ಬಣ್ಣದ ಪಟ್ಟೆಗಳು ಬಂದವು. ಕೆಲವು ವಿಡಿಯೋ ಕೋಡೆಕ್‌ಗಳಿಗೆ (ವಿಡಿಯೋ ಕುಗ್ಗಿಸಿಡುವ ವಿಧಾನಗಳಿಗೆ) ಪೇಟೆಂಟ್, ಲೈಸೆನ್ಸ್ ತಕರಾರು ಇರುವುದರಿಂದ ಮಾಮೂಲಿ ಪ್ರೋಟಾನ್ ಅವನ್ನು ಬಿಚ್ಚಲ್ಲ. ಇದಕ್ಕೆ ಜಿಇ-ಪ್ರೋಟಾನ್ ಅಂತ ಇನ್ನೊಂದು ಇದೆ. ಗ್ಲೋರಿಯಸ್ ಎಗ್‌ರೋಲ್ ಅನ್ನೋ ಹೆಸರಿನವರು ಮಾಡೋದು. (ನಮ್ಮಮ್ಮನ ಮುಂದೆ ಈ ಹೆಸರು ಹೇಳಲಿಲ್ಲ. ಶನಿವಾರ ಬೇರೆ.) ಪವರ್ ಬಟನ್ ಒತ್ತಿ ಹಿಡಿದು ಡೆಸ್ಕ್‌ಟಾಪ್ ಮೋಡ್‌ಗೆ ಹೋದೆ. ಡಿಸ್ಕವರ್ ಅಂಗಡಿಯಲ್ಲಿ ಪ್ರೋಟಾನ್‌ಅಪ್-ಕ್ಯೂಟಿ ಹುಡುಕಿ ಹಾಕಿಕೊಂಡು, ಅದರಿಂದ ಜಿಇ-ಪ್ರೋಟಾನ್ ಇಳಿಸಿದೆ. ವಾಪಸ್ ಬಂದು ಗೇಮಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ತೆರೆದು ಅದನ್ನೇ ಆರಿಸಿದೆ. ವಿಡಿಯೋ ಬಂತು.

ಅಷ್ಟಕ್ಕೇ ಬಿಡಬೇಕಿತ್ತು. ನಾನು ಬಿಡಲಿಲ್ಲ. ಪ್ರೋಟಾನ್‌ನ ಹಳೇ ವರ್ಷನ್ ಇನ್ನೂ ಚೆನ್ನಾಗಿ ಓಡುತ್ತೇನೋ, ಬೀಟಾ ಹೇಗಿರುತ್ತೋ ಅಂತ ಒಂದಾದ ಮೇಲೊಂದು ಬದಲಾಯಿಸುತ್ತಾ ಹೋದೆ. ಒಂದು ಹಂತದಲ್ಲಿ ಗೇಮು ತೆರೆಯೋದೇ ನಿಂತಿತು. ಜಾಸ್ತಿ ಕಂಪ್ಯೂಟರ್‌ಗಳಲ್ಲಿ ತೆರೆದಿದ್ದೀರಿ, 24 ಗಂಟೆ ಬಿಟ್ಟು ಬನ್ನಿ ಅನ್ನೋ ಅರ್ಥದ ಸಂದೇಶ. ಕಾಪಿ ತಡೆಯುವ ಕೆಲವು ಬೀಗಗಳಿಗೆ ಪ್ರತಿ ಪ್ರೋಟಾನ್ ವರ್ಷನ್ನೂ ಹೊಸ ಕಂಪ್ಯೂಟರ್ ಹಾಗೆ ಕಾಣುತ್ತಂತೆ. ದುಡ್ಡು ಕೊಟ್ಟು ತಗೊಂಡವನು ನಾನು, ಹೊರಗೆ ನಿಂತವನೂ ನಾನೇ! ಭಾನುವಾರ ಪೂರ್ತಿ ಹೋಯಿತು. ಸಂಜೆ ಸುಮ್ನೆ ಅಮಾನಿಕೆರೆ ಕಡೆ ಒಂದು ಸುತ್ತು ಹಾಕಿ ಬಂದೆ.

ಲಾಂಚರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ, ನೆನಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ. ಗೇಮಿಂಗ್ ಮೋಡ್‌ನಲ್ಲಿ ಅದು ಬರೀ ಕಪ್ಪು ಕಿಟಕಿ. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಒಂದು ಸಲ ಲಾಗಿನ್ ಆಗಿ, ಅದರ ಅಪ್‌ಡೇಟ್ ಮುಗಿಸಿದ ಮೇಲೆ ಸರಿಹೋಯಿತು. ಕೀಬೋರ್ಡ್ ಬೇಕಾದರೆ ಸ್ಟೀಮ್ ಬಟನ್ ಜೊತೆ ಎಕ್ಸ್ ಒತ್ತಿ. ಆದರೂ ನೆಟ್ ಇಲ್ಲದಿದ್ದರೆ ಲಾಂಚರ್ ಮುಖ ತಿರುಗಿಸುತ್ತೆ, ರೈಲಿನಲ್ಲಿ ನೆಟ್ ನಂಬೋ ಹಾಗಿಲ್ಲ. ಹಾಗಾಗಿ ಮನೆ ಬಿಡುವ ಮುಂಚೆ ವೈಫೈನಲ್ಲೇ ಗೇಮು ತೆರೆದು, ಒಳಗೆ ಹೋಗಿ, ಪವರ್ ಬಟನ್ ಒಂದು ಸಲ ಒತ್ತಿ ಮಲಗಿಸುತ್ತೇನೆ. ಸೀಟು ಸಿಕ್ಕ ಮೇಲೆ ಎಬ್ಬಿಸಿದರೆ ಕುದುರೆ ನಿಂತಲ್ಲೇ ನಿಂತಿರುತ್ತೆ.

ಈಗ ಬ್ಯಾಟರಿ. ಈ ಮಾಡೆಲ್‌ನ ಬ್ಯಾಟರಿ 40 ವ್ಯಾಟ್-ಅವರ್. ಗೇಮನ್ನು ಅದರ ಪಾಡಿಗೆ ಬಿಟ್ಟಾಗ ಚಿಪ್ 15 ವ್ಯಾಟ್ ಕುಡಿಯುತ್ತೆ. ಪರದೆ, ಫ್ಯಾನ್ ಎಲ್ಲ ಸೇರಿ ಒಟ್ಟು 25ರ ಆಸುಪಾಸು ಖರ್ಚು ತೋರಿಸುತ್ತಿತ್ತು. 40ನ್ನು 25ರಿಂದ ಭಾಗಿಸಿ: 96 ನಿಮಿಷ. ಗಾಡಿ ಸಮಯಕ್ಕೆ ಸರಿಯಾಗಿ ಹೋದರೆ ಸಾಕು, ಸಿಗ್ನಲ್ ಬಿದ್ದರೆ ಇಲ್ಲ. ಇಷ್ಟು ಕುಡಿದೂ ಫ್ರೇಮು, ಅಂದರೆ ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಲೆಕ್ಕ, 30ಕ್ಕೂ 50ಕ್ಕೂ ನಡುವೆ ಕುಣಿಯುತ್ತಿತ್ತು.

ಎಲ್ಲರೂ 60 ಫ್ರೇಮ್ ಬೇಕು ಅಂತಾರೆ. ನನಗೆ ಬೇಕಾಗಿದ್ದು 40. ಇದರ ಲೆಕ್ಕ ನನಗೆ ತುಂಬಾ ಇಷ್ಟ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದು ಚಿತ್ರಕ್ಕೆ 33.3 ಮಿಲಿಸೆಕೆಂಡ್. 60 ಅಂದರೆ 16.7. ಇವೆರಡರ ನಟ್ಟನಡುವೆ ಬರೋದು 25 ಮಿಲಿಸೆಕೆಂಡ್, ಅಂದರೆ 40 ಫ್ರೇಮ್! ಹತ್ತೇ ಫ್ರೇಮ್ ಹೆಚ್ಚು ಕೊಟ್ಟು ಅರ್ಧ ದಾರಿ ನಡೆದ ಹಾಗೆ. ಮೂರು ಚುಕ್ಕಿ ಬಟನ್ ಒತ್ತಿ ಫ್ರೇಮ್ ಮಿತಿ 40ಕ್ಕೆ, ಪರದೆ 40 ಹರ್ಟ್ಜ್‌ಗೆ (ಸೆಕೆಂಡಿಗೆ 40 ಸಲ ಹೊಸದಾಗುವ ಹಾಗೆ) ಇಟ್ಟೆ. ಎರಡೂ ಹೊಂದಿಕೊಂಡರೆ ಕಣ್ಣಿಗೆ ಜರ್ಕ್ ಕಾಣಲ್ಲ.

ಆಮೇಲೆ ಗೇಮಿನೊಳಗೆ ಕೈ ಹಾಕಿದೆ. ನೆರಳು, ಮಂಜು ಕೆಳಗೆ ಇಳಿಸಿದೆ. ಏಳಿಂಚಿನ ಪರದೆಯಲ್ಲಿ ಹುಲ್ಲಿನ ನೆರಳು ಯಾರು ನೋಡ್ತಾರೆ? ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮಾತ್ರ ಮೀಡಿಯಂನಲ್ಲೇ ಬಿಟ್ಟೆ. ಸ್ಟೀಮ್ ಡೆಕ್‌ನ ಎಫ್‌ಎಸ್‌ಆರ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ) ಬಳಸಬೇಕಾದರೆ ಇಡೀ ಗೇಮನ್ನೇ 1280x800ಕ್ಕಿಂತ ಕಡಿಮೆ ರೆಸಲ್ಯೂಷನ್‌ಗೆ ಇಳಿಸಬೇಕು, ಮೊದಲೇ ಸಣ್ಣಗಿದ್ದ ಅಕ್ಷರ ಮಸುಕಾಗುತ್ತೆ. ಗೇಮಿನದೇ ಅಪ್‌ಸ್ಕೇಲಿಂಗ್ ಆನ್ ಮಾಡಿದರೆ ಚಿತ್ರ ಮಾತ್ರ ಚಿಕ್ಕದರಿಂದ ದೊಡ್ಡದಾಗುತ್ತೆ, ಅಕ್ಷರ ಚೂಪಾಗಿಯೇ ಉಳಿಯುತ್ತೆ. ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗೆ) ಹೋಗಿ ಗ್ರಾಫಿಕ್ಸ್‌ಗೆ ಮೀಸಲಿಡುವ ಮೆಮೊರಿಯನ್ನು 1 ಜಿಬಿಯಿಂದ 4 ಜಿಬಿಗೆ ಏರಿಸಿಯೂ ನೋಡಿದೆ. ನನಗಂತೂ ವ್ಯತ್ಯಾಸ ಕಾಣಲಿಲ್ಲ, ವಾಪಸ್ ಇಟ್ಟೆ.

ಕೊನೆಗೆ ಟಿಡಿಪಿ, ಅಂದರೆ ಚಿಪ್ ಎಷ್ಟು ವ್ಯಾಟ್ ಕುಡಿಯಬಹುದು ಅನ್ನೋ ಮಿತಿ. ಗೇಮಿನ ಒಂದೇ ಸೇತುವೆಯ ಮೇಲೆ ಕುದುರೆ ನಿಲ್ಲಿಸಿ 15ರಿಂದ ಒಂದೊಂದೇ ಇಳಿಸಿದೆ. 11ರವರೆಗೆ 40 ಗಟ್ಟಿಯಾಗಿ ನಿಂತಿತ್ತು. 10ಕ್ಕೆ ಇಳಿಸಿದ ಕೂಡಲೇ 35ಕ್ಕೆ ಬಿತ್ತು. 11ಕ್ಕೆ ಬಿಟ್ಟೆ. ಈ ಗೇಮಿಗೆ ಮಾತ್ರ ಅನ್ವಯಿಸುವ ಹಾಗೆ ಪ್ರೊಫೈಲ್ ಆನ್ ಮಾಡೋದು ಮರೀಬೇಡಿ, ಇಲ್ಲದಿದ್ದರೆ ಬೇರೆ ಗೇಮುಗಳೂ ಕುಂಟುತ್ತವೆ. ಒಟ್ಟು ಖರ್ಚು 18 ವ್ಯಾಟ್‌ಗೆ ಬಂತು. ಎರಡು ಗಂಟೆ ದಾಟಿತು, ಫ್ಯಾನ್ ಸದ್ದೂ ತಗ್ಗಿತು.

ಸೋಮವಾರ ಬಲಗಡೆ ಸೀಟು ಹಿಡಿದೆ, ಬೆಳಿಗ್ಗೆ ಎಡಗಡೆ ಕಿಟಕಿಯ ಬಿಸಿಲಿಗೆ ಪರದೆ ಕಾಣಲ್ಲ. ಹಿರೇಹಳ್ಳಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಡೆಕ್ ನೋಡಿ ಗಡಿಬಿಡಿಯಲ್ಲಿ ಸೆರಗಿನ ಗಂಟು ಬಿಚ್ಚಿ ಟಿಕೆಟ್ ತೆಗೆದರು.

"ಅಯ್ಯೋ, ನಾನು ಟಿಸಿ ಅಲ್ಲ ಅಜ್ಜಿ, ಇದು ಗೇಮು" ಅಂದೆ.

ಬಗ್ಗಿ ನೋಡಿದರು. ಮಳೆಯಲ್ಲಿ ಕುದುರೆ ಓಡುತ್ತಿತ್ತು. "ಆಗ್ಲಿಂದ ಓಡಿಸ್ತಾನೇ ಇದ್ದೀಯಲ್ಲಪ್ಪಾ, ಒಂಚೂರು ನಿಲ್ಸು ಅದನ್ನ" ಅಂದರು.

ನಿಲ್ಲಿಸಿದೆ. ಗೇಮಿನ ಸಂತೆಯ ಜನಜಂಗುಳಿಯಲ್ಲಿ ಫ್ರೇಮು ಈಗಲೂ 33ಕ್ಕೆ ಬೀಳುತ್ತೆ, ರೈಲಿನಲ್ಲಿ ಆಡುವಾಗ ಆ ಕಡೆ ಹೋಗಲ್ಲ. ಯಶವಂತಪುರದಲ್ಲಿ ಇಳಿದಾಗ ಬ್ಯಾಟರಿ ಶೇಕಡಾ 34 ತೋರಿಸುತ್ತಿತ್ತು.