ಮಲ್ಲಿಗೆ ಬುಡದಲ್ಲಿ ಪ್ರಾರ್ಥನೆ: ನಾನು ಮಾಡಿಕೊಂಡು ಬಂದ ರೀತಿ

ಚರ್ಚಿಗೆ ಹೋಗುವವರಲ್ಲಿ ತೋಟದ ಪ್ರಸಂಗ ಕೇಳದವರು ಯಾರೂ ಇರಲಿಕ್ಕಿಲ್ಲ. ಏದೆನ್ ತೋಟ, ಗೆತ್ಸೆಮನಿ, ದ್ರಾಕ್ಷಿ ಬಳ್ಳಿ, ಬಿತ್ತುವವನ ಸಾಮತಿ, ಅಂದರೆ ಯೇಸುಸ್ವಾಮಿ ಹೇಳಿದ ನೀತಿಕಥೆ. ಕೇಳುತ್ತೇವೆ, ತಲೆ ಆಡಿಸುತ್ತೇವೆ, ಮನೆಗೆ ಬಂದು ಭಾನುವಾರದ ಊಟ ಮಾಡುತ್ತೇವೆ. ನಾನೂ ಹಾಗೇ ಇದ್ದೆ. ವಿಚಿತ್ರ ಏನೆಂದರೆ ನಮ್ಮದು ತೋಟದ ಮನೆ. ಉಡುಪಿ ಜಿಲ್ಲೆಯಲ್ಲಿ, ಶಂಕರಪುರದ ಹತ್ತಿರ. ಅಂಗಳದ ಸುತ್ತ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಗಿಡದ ಹತ್ತಿರ ದುಡಿಯುವುದು, ಸಂಜೆ ಮನೆಯ ಅಲ್ತಾರಿನ (ದೇವರ ಪೀಠದ) ಎದುರು ತೇರ್ಸ್, ಅಂದರೆ ಜಪಮಾಲೆ ಹೇಳುವುದು. ಎರಡೂ ನಡೆಯುತ್ತಿತ್ತು, ಒಂದಕ್ಕೊಂದು ಸಂಬಂಧ ಇರಲಿಲ್ಲ.

ಸಂಬಂಧ ಹೇಗೆ ಬಂತು, ಈಗ ಏನು ಮಾಡುತ್ತೇನೆ ಅಂತ ಬರೆಯುತ್ತೇನೆ. ದೊಡ್ಡ ದೇವಶಾಸ್ತ್ರ ಏನಿಲ್ಲ.

ಮೊದಲು ಮಲ್ಲಿಗೆ ಕೆಲಸದ ಬಗ್ಗೆ ಎರಡು ಮಾತು, ಗೊತ್ತಿಲ್ಲದವರಿಗೆ. ಮೊಗ್ಗನ್ನು ಬೆಳಕು ಹರಿಯುವ ಹೊತ್ತಿಗೇ ಕೊಯ್ಯಬೇಕು. ಅರಳಿದರೆ ಮುಗಿಯಿತು. ಕೊಯ್ದ ಮೇಲೆ ಕೂತು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದೇ ಬೆಳಿಗ್ಗೆ ಹೂ ಹೋಗಬೇಕು, ಅವತ್ತಿನ ದರ ಅವತ್ತಿಗೆ. ಮದುವೆ ಸೀಸನ್ನಿನಲ್ಲಿ ಏರುತ್ತದೆ, ಮರುದಿನ ಇಳಿಯುತ್ತದೆ. ಇದರ ನಡುವೆ ನೀರು, ಗೊಬ್ಬರ, ಹುಳ, ಕಳೆ. ಇಷ್ಟು ಇರುವಾಗ ಒಂದು ಗಂಟೆ ಮೌನ ಧ್ಯಾನಕ್ಕೆ ಕೂರಿ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ ಅಲ್ವಾ?

ಒಂದು ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಫಾದರ್ ಒಬ್ಬರು ಸಂತ ತೆರೇಸಾ ಬಗ್ಗೆ ಮಾತಾಡಿದರು. ಕೋಲ್ಕತ್ತದ ಮದರ್ ತೆರೇಸಾ ಅಲ್ಲ, ಸ್ಪೇನಿನ ಆವಿಲಾದವರು, 1515ರಲ್ಲಿ ಹುಟ್ಟಿ 1582ರಲ್ಲಿ ತೀರಿಕೊಂಡ ಕಾರ್ಮೆಲ್ ಸಭೆಯ ಸನ್ಯಾಸಿನಿ. ನಮ್ಮ ಕಡೆಗೆ ಅವರು ಅಷ್ಟೇನೂ ದೂರದವರಲ್ಲ. ಮಂಗಳೂರಿನಲ್ಲಿ ಅವರ ಸಭೆಯ ಮಠ ಶುರುವಾದದ್ದು 1870ರಲ್ಲಿ. ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಆ ಸಿಸ್ಟರುಗಳಲ್ಲಿ ಗಲಿಲೇಯದಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಕೂಡ ಇದ್ದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಯೇಸುಸ್ವಾಮಿ ಬಿತ್ತುವವನ ಕಥೆ ಹೇಳಿದ ಸೀಮೆಯಲ್ಲಿ ಹುಟ್ಟಿದ ಹುಡುಗಿ ಮಂಗಳೂರಿನ ಕೆಂಪು ಮಣ್ಣಿನ ಮೇಲೆ ವ್ರತ ತೆಗೆದುಕೊಂಡರು ಅಂತ ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಇರಲಿ. ತೆರೇಸಾ ತಮ್ಮ ಗುರುಗಳ ಅಪ್ಪಣೆಯಂತೆ ಸ್ವಂತ ಜೀವನದ ಕಥೆ ಬರೆದರು. ಪ್ರಾರ್ಥನೆ ಅಂದರೆ ಏನು ಅಂತ ಅದರಲ್ಲಿ ಒಂದು ತೋಟದ ಮೂಲಕ ವಿವರಿಸುತ್ತಾರೆ. ಈ ಹೋಲಿಕೆಯನ್ನು ಎಲ್ಲೋ ಓದಿದ್ದೋ ಕೇಳಿದ್ದೋ ಇರಬೇಕು, ಎಲ್ಲಿ ಅಂತ ನೆನಪಿಲ್ಲ ಅಂತ ಅವರೇ ಬರೆದಿದ್ದಾರೆ. ನನಗೆ ಅವರ ಮೇಲೆ ಭರವಸೆ ಬಂದದ್ದು ಅಲ್ಲೇ. ಮನಸ್ಸು ಕಳೆ ತುಂಬಿದ ಬರಡು ಭೂಮಿ. ಕಳೆ ಕಿತ್ತು ಒಳ್ಳೆ ಗಿಡ ನೆಡುವುದು ದೇವರೇ. ಗಿಡ ಒಣಗದ ಹಾಗೆ ನೀರು ಹಾಕುವುದು ನಮ್ಮ ಕೆಲಸ. ನೀರು ಹಾಕಲು ನಾಲ್ಕು ದಾರಿ: ಬಾವಿಯಿಂದ ಸೇದಿ ತರುವುದು, ರಾಟೆ ಯಂತ್ರ ತಿರುಗಿಸಿ ಎತ್ತುವುದು, ಹೊಳೆ ತೊರೆಯ ನೀರು ಹರಿಸುವುದು, ಕೊನೆಗೆ ಮಳೆ. ಹೋಗುತ್ತಾ ಹೋಗುತ್ತಾ ನಮ್ಮ ಶ್ರಮ ಕಡಿಮೆ, ದೇವರ ಪಾಲು ಜಾಸ್ತಿ.

ಇದನ್ನು ಕೇಳಿದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಕೊಡಪಾನ ಹಗ್ಗಕ್ಕೆ ಕಟ್ಟಿ ಸೇದುವುದು ಗೊತ್ತು. ಅಜ್ಜನ ಕಾಲದ ಏತ ಗೊತ್ತು, ಈಗ ಪಂಪು. ತೋಡಿಗೆ ಕಟ್ಟ ಕಟ್ಟಿ ಅಡಿಕೆ ತೋಟಕ್ಕೆ ನೀರು ತಿರುಗಿಸುವುದೂ ಗೊತ್ತು. ಮಳೆ ಅಂತೂ ಕೇಳುವುದೇ ಬೇಡ, ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಸುರಿಯುತ್ತದೆ.

ಅವತ್ತಿನಿಂದ ಬೆಳಗಿನ ನೀರು ಹಾಕುವ ಹೊತ್ತನ್ನೇ ಪ್ರಾರ್ಥನೆಯ ಹೊತ್ತು ಮಾಡಿಕೊಂಡೆ. ಮಾಡಿದ್ದು ಇಷ್ಟೇ. ಪಂಪಿನ ಪೈಪು ಬದಿಗಿಟ್ಟು, ಮನೆಯ ಎಡಬದಿಯ ಒಂದು ಸಾಲಿಗೆ ಮಾತ್ರ ಬಾವಿಯಿಂದ ಕೈಯಾರೆ ಸೇದಿ ಹಾಕುವುದು. ಇಡೀ ತೋಟಕ್ಕೆ ಸೇದಲು ಹೋದರೆ ಸೊಂಟ ಉಳಿಯುವುದಿಲ್ಲ. ಒಂದು ಸಾಲು ಸಾಕು. ಹಿಂದಿನ ರಾತ್ರಿ ಶುಭಸಂದೇಶದಿಂದ ಒಂದು ವಾಕ್ಯ ಓದಿ ಇಟ್ಟುಕೊಳ್ಳುತ್ತೇನೆ. ಸೇದುವಾಗ ಅದನ್ನೇ ಬಾಯೊಳಗೆ ಹೇಳಿಕೊಳ್ಳುವುದು. ದಿನಕ್ಕೊಂದು ಹೊಸ ವಾಕ್ಯ ಇಲ್ಲ, ಒಂದೇ ವಾಕ್ಯ ವಾರಗಟ್ಟಲೆ. ಮೊಬೈಲ್ ಒಳಗೆ. ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಮೀನಿನವನ ಹಾರ್ನ್ ಕೇಳುತ್ತದೆ, ನಿನ್ನೆ ನಾದಿನಿ ಹೇಳಿದ ಮಾತು ನೆನಪಾಗುತ್ತದೆ. ಕೊಡಪಾನ ಮೇಲೆ ಬಂದಾಗ ಮನಸ್ಸನ್ನೂ ವಾಪಸ್ ಕರೆದುಕೊಂಡು ಬರುವುದು.

ಎಷ್ಟೋ ದಿನ ಏನೂ ಅನ್ನಿಸುವುದಿಲ್ಲ. ಬರೀ ತೋಳು ನೋವು. ಇಲ್ಲಿಯೂ ತೆರೇಸಾ ಸಹಾಯಕ್ಕೆ ಬಂದರು. ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಾಗ, ಗಂಟೆ ಯಾವಾಗ ಹೊಡೆಯುತ್ತದೆ, ಯಾವಾಗ ಎದ್ದು ಹೋಗಬಹುದು ಅಂತ ಕಿವಿಗೊಟ್ಟು ಕಾಯುತ್ತಿದ್ದರಂತೆ. ಇಂಥವರನ್ನು 1970ರಲ್ಲಿ ಪೋಪ್ ಆರನೇ ಪೌಲರು ಧರ್ಮಸಭೆಯ ಪಂಡಿತರು ಅಂತ ಘೋಷಿಸಿದರು, ಆ ಗೌರವ ಸಿಕ್ಕಿದ ಮೊದಲ ಹೆಂಗಸು ಅವರೇ. ಬಾವಿ ಬತ್ತಿದರೂ ನಮ್ಮ ಪಾಲಿನ ಕೆಲಸ ಮಾಡಿದರೆ ಸಾಕು, ನೀರಿಲ್ಲದೆಯೂ ದೇವರು ಹೂ ಉಳಿಸುತ್ತಾರೆ ಅನ್ನುತ್ತಾರೆ.

ಈಗ ಮಲ್ಲಿಗೆ ನನಗೆ ಕಲಿಸಿದ ಒಂದು ವಿಷಯ ಹೇಳಬೇಕು, ಇದು ತೆರೇಸಾ ಬರೆದದ್ದಲ್ಲ. ಮಳೆಗಾಲದಲ್ಲಿ ಗಿಡ ಹಸಿರೋ ಹಸಿರು, ಎಲೆ ದಂಡಿಯಾಗಿ ಬರುತ್ತದೆ, ನೋಡಲು ಚಂದ. ಹೂ ಮಾತ್ರ ಕಡಿಮೆ. ಹೂ ಸುರಿಯುವುದು ಬೇಸಿಗೆಯಲ್ಲಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಅಂಗಳದಲ್ಲಿ ಕಾಲಿಡಲು ಆಗುವುದಿಲ್ಲ, ಬಾವಿ ತಳಕ್ಕೆ ಹೋಗಿರುತ್ತದೆ, ಹಗ್ಗ ಉದ್ದ ಮಾಡಬೇಕು. ಆವಾಗಲೇ ಕೊಯ್ದು ಮುಗಿಯದಷ್ಟು ಮೊಗ್ಗು. ಬಿಸಿಲೂ ಬೇಕು, ಬುಡಕ್ಕೆ ಬಿಡದೆ ನೀರೂ ಬೇಕು. ಅಂದರೆ ಸೇದುವ ಕಷ್ಟದ ಕಾಲವೇ ಹೂವಿನ ಕಾಲ. ತೆರೇಸಾ ಅವರ ಲೆಕ್ಕದಲ್ಲಿ ಸೇದುವುದು ಪ್ರಾರ್ಥನೆಯ ಮೊದಲ ಮೆಟ್ಟಿಲು, ಕಲಿಯುವವರದ್ದು. ನಾನು ಇನ್ನೂ ಆ ಮೆಟ್ಟಿಲಲ್ಲೇ ಇದ್ದೇನೆ, ಬೇಸರ ಇಲ್ಲ.

ಮಳೆಯ ವಿಷಯದಲ್ಲೂ ನಮ್ಮ ಊರಿಗೂ ಅವರ ಊರಿಗೂ ವ್ಯತ್ಯಾಸ ಇದೆ. ಆವಿಲಾ ಎತ್ತರದ ಒಣ ಸೀಮೆ, ಅಲ್ಲಿ ಮಳೆ ಅಂದರೆ ಬರೀ ವರ. ನಮ್ಮಲ್ಲಿ ಜೂನ್ ಜುಲೈಯಲ್ಲಿ ಬುಡದಲ್ಲಿ ನೀರು ನಿಂತರೆ ಮಲ್ಲಿಗೆಯ ಬೇರು ಕೊಳೆಯುತ್ತದೆ. ಮೇಲೆ ಹಸಿರಾಗಿ ಕಾಣುವ ಗಿಡ ಒಂದು ದಿನ ಇದ್ದಕ್ಕಿದ್ದಂತೆ ಬಾಡುತ್ತದೆ. ಅದಕ್ಕೆ ಮೇ ತಿಂಗಳಲ್ಲೇ ಬುಡಕ್ಕೆ ಮಣ್ಣು ಏರಿಸಿ, ಬದಿಯಲ್ಲಿ ಕಣಿ ತೋಡಿ ನೀರು ಹೊರಗೆ ಹೋಗಲು ದಾರಿ ಮಾಡುತ್ತೇವೆ. ನಮ್ಮವರು ಕೆಲವರು ರಿಟ್ರೀಟಿಗೆ, ಅಂದರೆ ಕೆಲವು ದಿನಗಳ ಧ್ಯಾನಕೂಟಕ್ಕೆ, ಹೋಗಿ ಬರುತ್ತಾರೆ. ಅಳುತ್ತಾರೆ, ಹಾಡುತ್ತಾರೆ, ಒಂದು ವಾರ ಮನೆಯವರಿಗೆಲ್ಲ ಉಪದೇಶ. ಆಮೇಲೆ ಎಲ್ಲ ಬಾಡುತ್ತದೆ. ನನಗೆ ಅನ್ನಿಸುವುದು, ಅವರಿಗೆ ಮಳೆ ಬಂದದ್ದು ಸುಳ್ಳಲ್ಲ, ನೀರು ಹರಿದು ಹೋಗಲು ಕಣಿ ಇರಲಿಲ್ಲ. ಸಿಕ್ಕಿದ್ದು ಹೊರಗೆ ಹರಿಯಬೇಕು. ಪಕ್ಕದ ಮನೆಯ ಮುದುಕಿಗೆ ಔಷಧಿ ತಂದುಕೊಡುವುದು, ಮಾತು ಬಿಟ್ಟವರ ಹತ್ತಿರ ಮಾತಾಡುವುದು, ಹೀಗೆ. ದೊಡ್ಡ ಹಬ್ಬ ಅಥವಾ ರಿಟ್ರೀಟ್ ಮುಗಿದ ವಾರ ಇಂಥ ಒಂದು ಕೆಲಸ ಮಾಡಲೇಬೇಕು ಅಂತ ಇಟ್ಟುಕೊಂಡಿದ್ದೇನೆ.

ಸವರುವುದು ಮಳೆ ನಿಂತ ಮೇಲೆ. ಒಣಗಿದ ಗೆಲ್ಲು ತೆಗೆಯಲು ಯಾರಿಗೂ ಕಷ್ಟ ಇಲ್ಲ. ಕಷ್ಟ ಆಗುವುದು ಚೆನ್ನಾಗಿರುವ ಗೆಲ್ಲನ್ನು ಕತ್ತರಿಸಲು. ಯೊವಾನ್ನನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಇರುವುದು ಇದೇ: ಫಲ ಕೊಡದ ಕವಲನ್ನು ತಂದೆ ಕತ್ತರಿಸಿ ಹಾಕುತ್ತಾರೆ, ಫಲ ಕೊಡುವ ಕವಲನ್ನೂ ಬಿಡುವುದಿಲ್ಲ, ಇನ್ನೂ ಹೆಚ್ಚು ಕೊಡಲಿ ಅಂತ ಸವರುತ್ತಾರೆ. ನವೆಂಬರಿನಲ್ಲಿ, ಸತ್ತವರ ತಿಂಗಳಲ್ಲಿ, ಕತ್ತರಿ ಹಿಡಿದು ನಿಂತಾಗ ಈ ಅಧ್ಯಾಯ ಓದುತ್ತೇನೆ. ಆಮೇಲೆ ನನ್ನ ಕೆಲಸಗಳ ಪಟ್ಟಿ ನೋಡುತ್ತೇನೆ. ಕಳೆದ ಬಾರಿ ಎರಡು ಸಂಘದ ಜವಾಬ್ದಾರಿ ಬಿಟ್ಟೆ. ಎರಡೂ ಒಳ್ಳೆಯ ಕೆಲಸವೇ. ನನ್ನನ್ನು ಕೇಳದೆ ಸೇರಿಸಿದ್ದ ವಾಟ್ಸ್ಯಾಪ್ ಗುಂಪುಗಳನ್ನೂ ಬಿಟ್ಟೆ, ಅದಕ್ಕೆ ಬೈಬಲ್ ಬೇಕಾಗಿರಲಿಲ್ಲ.

ಇನ್ನು ಅಂಜೂರದ ಮರದ ಕಥೆ, ಲೂಕ 13. ಇದರ ಹತ್ತಿರ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಮೂರು ವರ್ಷದಿಂದ ಹಣ್ಣಿಲ್ಲ, ಕಡಿದು ಹಾಕು ಅನ್ನುತ್ತಾನೆ ಯಜಮಾನ. ತೋಟಗಾರ ಏನು ಹೇಳುತ್ತಾನೆ? ಇದೊಂದು ವರ್ಷ ಬಿಡಿ ಒಡೆಯಾ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ. ನನ್ನ ಮಗ ಕೆಲಸಕ್ಕೆ ಅಂತ ದೂರ ಹೋದ ಮೇಲೆ ಚರ್ಚಿನ ಪೂಜೆಗೆ ಹೋಗುವುದನ್ನು ನಿಲ್ಲಿಸಿದ್ದಾನೆ. ಫೋನ್ ಮಾಡಿದಾಗಲೆಲ್ಲ "ಪೂಜೆಗೆ ಹೋಗಿದ್ಯಾ ಬಾಬಾ?" ಅಂತ ಕೇಳುತ್ತಿದ್ದೆ, ಅವನು "ಆಮೇಲೆ ಮಾಡ್ತೇನೆ ಮಮ್ಮಿ" ಅಂತ ಫೋನ್ ಇಡುತ್ತಿದ್ದ. ಅಗೆಯುವುದು ಅಂದರೆ ಬೇರಿಗೆ ಗಾಳಿ ಸಿಗುವ ಹಾಗೆ ಸುತ್ತಲಿನ ಗಟ್ಟಿ ಮಣ್ಣು ಸಡಿಲ ಮಾಡುವುದು, ಅದನ್ನೂ ಬುಡದಿಂದ ಸ್ವಲ್ಪ ದೂರದಲ್ಲಿ. ಹತ್ತಿರ ಅಗೆದರೆ ಬೇರಿಗೇ ಪೆಟ್ಟು. ಈಗ ಪೂಜೆ ವಿಷಯ ಎತ್ತುವುದಿಲ್ಲ. ಏನು ಅಡುಗೆ ಮಾಡಿದೆ, ರೂಮಿನ ಹುಡುಗರು ಹೇಗಿದ್ದಾರೆ ಅಂತ ಕೇಳುತ್ತೇನೆ. ಮಾತು ಉದ್ದ ಆಗಿದೆ. ಪೂಜೆಗೆ ಹೋಗುತ್ತಾನೋ ಇಲ್ಲವೋ, ಗೊತ್ತಿಲ್ಲ. ಮಾರ್ಕನ ಶುಭಸಂದೇಶದಲ್ಲಿ ಬೀಜ ಹಾಕಿದವನು ರಾತ್ರಿ ಮಲಗಿ ಬೆಳಿಗ್ಗೆ ಏಳುತ್ತಾನೆ, ಬೀಜ ತಾನಾಗಿ ಮೊಳೆಯುತ್ತದೆ, ಹೇಗೆ ಅಂತ ಅವನಿಗೇ ತಿಳಿಯದು. ಆ ಮಲಗುವ ಭಾಗ ನನಗೆ ಇನ್ನೂ ಪೂರ್ತಿ ಅಭ್ಯಾಸ ಆಗಿಲ್ಲ.

ಹಬ್ಬಗಳ ಬಗ್ಗೆ ಒಂದು ಮಾತು. ನಮಗೆ ಬರುವ ಈಸ್ಟರ್ ಕಾರ್ಡುಗಳಲ್ಲಿ ಚಿಗುರು, ವಸಂತ, ಹಸಿರು ಹುಲ್ಲು. ಅದು ಯುರೋಪಿನ ಏಪ್ರಿಲ್. ನಮ್ಮ ಏಪ್ರಿಲಿನಲ್ಲಿ ಹುಲ್ಲು ಸುಟ್ಟು ಕಂದು ಬಣ್ಣಕ್ಕೆ ಬಂದಿರುತ್ತದೆ. ಮೊದಲೆಲ್ಲ ಇದು ಹೊಂದುವುದಿಲ್ಲ ಅನ್ನಿಸುತ್ತಿತ್ತು. ಈಗ ಬೇರೆ ರೀತಿ ನೋಡುತ್ತೇನೆ. ಈಸ್ಟರ್ ಆಗಿ ಐವತ್ತನೇ ದಿನ ಪವಿತ್ರಾತ್ಮರ ಹಬ್ಬ, ಅದು ಮೇ ನಡುವಿನಿಂದ ಜೂನ್ ನಡುವಿನ ತನಕ ಯಾವಾಗಲಾದರೂ ಬರುತ್ತದೆ. ನಮ್ಮ ಮುಂಗಾರಿನ ಹೊತ್ತೂ ಅದೇ. ಶಿಷ್ಯರು ಬಾಗಿಲು ಹಾಕಿಕೊಂಡು ಕಾದ ಹಾಗೆ ನಾವೂ ಬತ್ತಿದ ಬಾವಿ ನೋಡಿಕೊಂಡು ಕಾಯುತ್ತೇವೆ. ಸಮಾಧಿಯ ಹತ್ತಿರದ ತೋಟದಲ್ಲಿ ಮಗ್ದಲದ ಮರಿಯ ಯೇಸುವನ್ನು ತೋಟಗಾರ ಅಂದುಕೊಂಡಳು ಅಂತ ಯೊವಾನ್ನ ಬರೆಯುತ್ತಾನೆ. ಇದನ್ನು ಅವಳ ತಪ್ಪು ತಿಳುವಳಿಕೆ ಅಂತ ಪ್ರಸಂಗದಲ್ಲಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಏದೆನಿನಲ್ಲಿ ಮನುಷ್ಯನಿಗೆ ಕೊಟ್ಟ ಮೊದಲ ಕೆಲಸವೇ ತೋಟ ನೋಡಿಕೊಳ್ಳುವುದು. ಅದನ್ನು ಸರಿಯಾಗಿ ಮಾಡಿದವನು ಎದುರು ನಿಂತಿದ್ದ, ಅವಳು ಗುರುತು ಹಿಡಿದಳು.

ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಹಾಕುತ್ತಾರೆ, ಹಬ್ಬದ ದಿನ ಹೊಸ ತೆನೆ ಆಶೀರ್ವದಿಸಿ ಮನೆಗೆ ಕೊಡುತ್ತಾರೆ. ಈಗ ಹೆಚ್ಚಿನವರು ಅಂಗಡಿಯಿಂದ ಹೂ ತರುತ್ತಾರೆ. ನನ್ನ ಆಸೆ, ಮಗು ಒಂದು ದಾಸವಾಳವಾದರೂ ತಾನೇ ನೀರು ಹಾಕಿದ ಗಿಡದಿಂದ ಕೊಯ್ದು ತರಲಿ. ನಮ್ಮ ವಾಡೆಯ (ಚರ್ಚಿನ ವಾರ್ಡಿನ) ಮಕ್ಕಳಿಗೆ ಜೂನಿನಲ್ಲಿ ಗೊಂಡೆ ಸಸಿ ಹಂಚುತ್ತೇನೆ, ಹಬ್ಬದ ಹೊತ್ತಿಗೆ ಹೂ ಬಿಡುತ್ತದೆ. ಅರ್ಧ ಸಸಿ ಬಸವನ ಹುಳಕ್ಕೆ ಹೋಗುತ್ತದೆ, ಅರ್ಧ ಉಳಿಯುತ್ತದೆ.

ಶುರು ಮಾಡಬೇಕು ಅನ್ನುವವರು ಕೇಳುತ್ತಾರೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾವಿ ಎಲ್ಲಿಂದ ತರುವುದು ಅಂತ. ಒಂದು ಕುಂಡ ಸಾಕು. ಹತ್ತು ಬೇಡ, ಒಂದೇ. ಅಲಂಕಾರದ ಗಿಡ ಬೇಡ, ನೀರು ತಪ್ಪಿದರೆ ಬಾಡಿ ತೋರಿಸುವಂಥ ಗಿಡ ಇರಲಿ, ತುಳಸಿ ಅಥವಾ ಪುದೀನ ಆದರೂ ಆದೀತು. ಅದರ ಪಕ್ಕ ಶಿಲುಬೆ, ಪ್ರತಿಮೆ, ಬಣ್ಣದ ಲೈಟು ಅಂತ ಮೊದಲೇ ಖರ್ಚು ಮಾಡಬೇಡಿ. ಪ್ರಾರ್ಥನಾ ತೋಟ ಅಂತ ಸಿಮೆಂಟ್ ಹಾಕಿ, ಕಾರಂಜಿ ಇಟ್ಟು, ಗಿಡ ಒಣಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ನೀರು ಹಾಕುವುದನ್ನು ಕೆಲಸದವರಿಗೆ ಬಿಡಬೇಡಿ. ವಾಕ್ಯ ಒಂದೇ ಇರಲಿ, ಬೇಸರ ಬಂದರೂ ಬದಲಿಸಬೇಡಿ, ಬೇಸರ ಬಂದ ಮೇಲೆಯೇ ಅದು ಕೆಲಸ ಶುರು ಮಾಡುವುದು. ಶುರು ಮಾಡುವುದಾದರೆ ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರದಂದೇ ಮಾಡಿ. ಆಗ ಬಿಸಿಲು ಏರುತ್ತಿರುತ್ತದೆ, ಒಂದು ದಿನ ಬಿಟ್ಟರೂ ಗಿಡ ಹೇಳಿಬಿಡುತ್ತದೆ.